ಬಿಟ್ಟ ತಾರೀಖು ಬರೆಯೋರು ಯಾರು?

ಕಿನ್ನಾಳದ ನಮ್ಮ ಓಣಿಯಿಂದ ಸಾಲ ತೆಗೆದು ಕಾಲೇಜು ಮೆಟ್ಟಿಲೇರಿದ ಹುಡುಗನೊಬ್ಬ ದೀಪಾವಳಿಗೆ ಬಂದವನು ತಿರುಗಿ ಹೋಗಲಿಲ್ಲ. ಮಳೆ ಕೈಕೊಟ್ಟಿತ್ತು. ಅಪ್ಪ ಅವ್ವ ಗುಳೆ ಹೊರಟಿದ್ದರು, ಅವನೂ ಗಂಟು ಹೊತ್ತ. ಕಾಲೇಜಿನ ಪುಸ್ತಕದಲ್ಲಿ ಅವನು ಬಿಟ್ಟದ್ದು ಜೂನಿನಲ್ಲಿ, ಟಿ.ಸಿ. ಕೇಳಲು ಹೋದ ದಿನ! ನಡುವಿನ ಏಳು ತಿಂಗಳು ಯಾರು ಓದಿದರು? ಖಾಲಿ ಬೆಂಚು ಓದಿತು. ಬ್ಯಾಂಕು ಮುಂದಿನ ಸೆಮಿಸ್ಟರಿನ ಫೀಸನ್ನು ನೇರ ಕಾಲೇಜಿಗೆ ಕಳಿಸಿತು. ದುಡ್ಡು ಅವರಿಗೆ, ಸಾಲ ಇವನ ತಲೆಗೆ.

ನಮ್ಮ ಅಜ್ಜಂದಿರು ಸಾಹುಕಾರನ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಿದರು. ನಾವು ಇಂಗ್ಲಿಷಿನಲ್ಲಿ ಸಹಿ ಹಾಕ್ತೀವಿ. ಲೆಕ್ಕ ಬರೆಯೋ ಪೆನ್ನು ಮಾತ್ರ ಇನ್ನೂ ನಮ್ಮ ಕೈಗೆ ಬಂದಿಲ್ಲ.

2009ರಲ್ಲಿ ಕೇಂದ್ರ ಸರಕಾರ ಬಡವರ ಮಕ್ಕಳ ಶಿಕ್ಷಣ ಸಾಲಕ್ಕೆ ಬಡ್ಡಿ ಸಹಾಯಧನ ತಂತು. ಮನೆಯ ವರಮಾನ ವರ್ಷಕ್ಕೆ 4.5 ಲಕ್ಷದೊಳಗಿದ್ದವರಿಗೆ ಓದಿನ ಅವಧಿಯ ಬಡ್ಡಿ ಸರಕಾರದ್ದು. ಒಳ್ಳೇದು. ಆದರೆ ಅದರ ಬಾಲ ನೋಡಿ: ನಡುವೆ ಓದು ಬಿಟ್ಟವನಿಗೆ ಸಹಾಯಧನ ಇಲ್ಲ. ಕಾಯಿಲೆಯಿಂದ ಬಿಟ್ಟಿದ್ದರೆ ಮಾತ್ರ ಉಂಟು, ಅದಕ್ಕೂ ಸಂಸ್ಥೆಯ ಮುಖ್ಯಸ್ಥ ಒಪ್ಪುವಂಥ ಕಾಗದ ಬೇಕು. ಜ್ವರಕ್ಕೆ ಡಾಕ್ಟರು ಸರ್ಟಿಫಿಕೇಟು ಕೊಡ್ತಾನೆ. ಹಸಿವಿಗೆ ಯಾರು ಕೊಡ್ತಾರೆ? ಗುಳೆಗೆ? ಹಾಸ್ಟೆಲಿನಲ್ಲಿ ಜಾತಿ ಕೇಳಿ ತಟ್ಟೆ ಸರಿಸಿದ್ದಕ್ಕೆ?

‘ಬಿಟ್ಟ’ ಅಂತ ಬರೀತಾರೆ. ನಾವು ಬಿಟ್ಟವರಲ್ಲ, ಬಿಡಿಸಿಕೊಂಡವರು.

ಬಾಬಾಸಾಹೇಬರೂ 1917ರಲ್ಲಿ ಬರೋಡಾದ ವಿದ್ಯಾರ್ಥಿವೇತನದ ಅವಧಿ ಮುಗಿದು ಲಂಡನ್ನಿನ ಓದನ್ನು ಅರ್ಧಕ್ಕೆ ನಿಲ್ಲಿಸಿ ಬಂದವರೇ. ಆದರೆ ನಾಲ್ಕು ವರ್ಷದೊಳಗೆ ಮರಳಬಹುದೆಂಬ ಅನುಮತಿ ಅವರ ಕೈಲಿತ್ತು. 1920ರಲ್ಲಿ ಮರಳಿದರು, 1923ರಲ್ಲಿ ಡಿ.ಎಸ್ಸಿ. ಪಡೆದರು. ಆ ಬಾಗಿಲಿಗೆ ಬೀಗ ಬಿದ್ದಿದ್ದರೆ?

ನಾವು ಭಿಕ್ಷೆ ಕೇಳ್ತಿಲ್ಲ. ಹಾಜರಿ ಪುಸ್ತಕದಲ್ಲಿ ಕೊನೆಯ ಬಾರಿ ಹೆಸರು ಕೂಗಿದಾಗ ‘ಇದ್ದೇನೆ’ ಅಂದ ದಿನವೇ ಬಿಟ್ಟ ದಿನವಾಗಲಿ. ಅದನ್ನು ತಿಂಗಳೊಳಗೆ ಬ್ಯಾಂಕಿಗೂ ಹುಡುಗನಿಗೂ ಒಟ್ಟಿಗೆ ತಿಳಿಸಲಿ. ಬಿಟ್ಟ ಕಾರಣವನ್ನು ಅವನ ಮಾತಿನಲ್ಲೇ ಬರೆಯಲಿ. ಬಡತನವನ್ನೂ ಕಾಯಿಲೆಯ ಸಾಲಿಗೆ ಸೇರಿಸಲಿ. ಮರಳುವ ಬಾಗಿಲು ತೆರೆದಿರಲಿ.

ಹಳ್ಳಿಯ ಮೇಷ್ಟ್ರೇ, ಸಾಲದ ಕಾಗದಕ್ಕೆ ಸಹಿ ಹಾಕೋ ಮೊದಲು ನಿಮ್ಮ ಹುಡುಗರಿಗೆ ಇದನ್ನು ಓದಿ ಹೇಳಿ. ವಿದ್ಯಾರ್ಥಿ ಗೆಳೆಯರೇ, ಬಿಡಬೇಕಾಗಿ ಬಂದರೆ ಬರೆದು ಕೊಟ್ಟು ಬನ್ನಿ, ನಕಲಿಗೆ ಸೀಲು ಹಾಕಿಸಿಕೊಳ್ಳಿ.

ನಮ್ಮೂರು ಗೊಂಬೆಗೆ ಹೆಸರು. ಗೊಂಬೆಗೆ ಯಾವ ಬಣ್ಣ ಬಳಿದರೂ ಸುಮ್ಮನಿರುತ್ತೆ. ನಾವು ಗೊಂಬೆಗಳಲ್ಲ.