‘ವಾಡಿಕೆ ಮಳೆ’ ಎಂಬ ಸುಳ್ಳು

ಶಿಗ್ಗಾವಿ ತಾಲ್ಲೂಕಿನ ದುಂಡಸಿಯ ಒಂದು ಹೊಲ ಊಹಿಸಿಕೊಳ್ಳಿ. ಮಿರಗದ ಮಳೆಗೆ ಗೋವಿನಜೋಳ ಬಿತ್ತಿದ್ದಾರೆ. ಜುಲೈನ ಮೊದಲ 25 ದಿನ ಒಂದು ಹನಿಯಿಲ್ಲ. ಕೊನೆಯ ವಾರ ಸುರಿದದ್ದಕ್ಕೆ ತಿಂಗಳ ಲೆಕ್ಕ ಸರಿಹೋಗುತ್ತದೆ, ಒಣಗಿದ ಪೈರು ಏಳುವುದಿಲ್ಲ. ಮರುದಿನ ಸುದ್ದಿ: ವಾಡಿಕೆ ಮಳೆ! ಹವಾಮಾನ ಇಲಾಖೆಯ ವರ್ಗೀಕರಣದಲ್ಲಿ ಸರಾಸರಿಗಿಂತ ಶೇ 19ರಷ್ಟು ಕಡಿಮೆಯಾದರೂ ಅದು ‘ಸಾಮಾನ್ಯ’ವೇ.

ಸರಾಸರಿ ಬೇಡ ಎನ್ನುತ್ತಿಲ್ಲ. 1971–2020ರಂಥ ದೀರ್ಘಾವಧಿಯ ಸರಾಸರಿಯಿಲ್ಲದೆ ಹವಾಗುಣದ ಬದಲಾವಣೆ ಅಳೆಯಲಾಗದು. ಆದರೆ ಅದನ್ನು ‘ವಾಡಿಕೆ’ ಎನ್ನುವುದು ತಪ್ಪು. ವಾಡಿಕೆಯೆಂದರೆ ರೂಢಿ, ಮತ್ತೆ ಮತ್ತೆ ನಡೆದದ್ದು. ಸರಾಸರಿ ಬರೀ ಭಾಗಾಕಾರ; ಅಷ್ಟೇ ಮಳೆ ಯಾವ ವರ್ಷವೂ ಬಿದ್ದಿರಬೇಕಿಲ್ಲ.

ಹಿರಿಯರ ಲೆಕ್ಕ ಬೇರೆ: ಮಿರಗ, ಆರಿದ್ರಾ, ಪುಷ್ಯ ಎಂದು ಹದಿಮೂರು–ಹದಿನಾಲ್ಕು ದಿನಕ್ಕೊಂದು ಮಳೆ. ನಕ್ಷತ್ರ ಮಳೆ ತರುತ್ತದೆಂದು ನಾನು ನಂಬುವುದಿಲ್ಲ. ಆದರೆ ಆ ಲೆಕ್ಕದ ಪ್ರಶ್ನೆ ಸರಿಯಾಗಿತ್ತು: ಎಷ್ಟು ಬಿತ್ತು ಎಂದಷ್ಟೇ ಅಲ್ಲ, ಯಾವಾಗ ಬಿತ್ತು?

ಇಂದು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕಗಳಿವೆ. ತಿಂಗಳ ಮೊತ್ತದ ಪಕ್ಕದಲ್ಲಿ ಮಳೆ ಬಿದ್ದ ದಿನಗಳನ್ನೂ ಸತತ ಒಣ ದಿನಗಳನ್ನೂ ಅಚ್ಚು ಮಾಡಿ. ಬೆಳೆ ಕಳೆದುಕೊಂಡವರಿಗೆ ‘ಮಳೆ ವಾಡಿಕೆಯಷ್ಟು ಆಗಿದೆಯಲ್ಲ’ ಎನ್ನುವ ಮುನ್ನ ಆ ಎರಡು ಸಾಲು ಓದಿ.