ಕೋಳಿ ಕೂಗಿದ್ದರಿಂದಲೇ ಬೆಳಗಾಯಿತೆ?

ತನ್ನ ಕೋಳಿ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆಂದು ನಂಬಿದ್ದ ಮುದುಕಿಯ ಕಥೆಯನ್ನು ನಾವೆಲ್ಲರೂ ಬಾಲ್ಯದಲ್ಲಿ ಕೇಳಿದ್ದೇವೆ. ಊರವರ ಮೇಲೆ ಮುನಿದು ಅವಳು ಕೋಳಿಯನ್ನು ಕಂಕುಳಲ್ಲಿ ಇರುಕಿಕೊಂಡು ಕಾಡಿಗೆ ಹೊರಟುಹೋದಳು; ಮರುದಿನವೂ ಸೂರ್ಯನು ಎಂದಿನಂತೆಯೇ ಉದಯಿಸಿದನು. ಮುದುಕಿಯನ್ನು ಕಂಡು ನಗುವುದು ಸುಲಭ. ಆದರೆ ದೊಡ್ಡ ವ್ಯಾಪಾರ ಸಂಸ್ಥೆಗಳೂ ಇದೇ ಭ್ರಮೆಗೆ ಒಳಗಾಗಿ ಹಣ ತೆತ್ತಿರುವುದುಂಟು.

ಶೋಧಯಂತ್ರಗಳಲ್ಲಿ ಜಾಹೀರಾತಿಗೆ ಸ್ಥಳ ದೊರೆಯುವ ಕ್ರಮವನ್ನು ಮೊದಲು ನೋಡೋಣ. ವರ್ತಕನು ತನ್ನ ಜಾಲತಾಣಕ್ಕೆ ಒಪ್ಪುವ ಕೆಲವು ಪದಗಳನ್ನು ಆರಿಸುತ್ತಾನೆ. ಇವಕ್ಕೆ ಕೀವರ್ಡ್‌ಗಳೆಂದು ಹೆಸರು. ಯಾರಾದರೂ ಅಂತಹ ಪದವನ್ನು ಹುಡುಕಿದೊಡನೆ, ಅದನ್ನು ಬಯಸಿದ ವರ್ತಕರ ನಡುವೆ ಕ್ಷಣಾರ್ಧದಲ್ಲಿ ಹರಾಜು ನಡೆಯುತ್ತದೆ. ಅಮೆರಿಕದ ಗೋಟು ಎಂಬ ಸಂಸ್ಥೆ 1998ರಲ್ಲಿ ಈ ಪದ್ಧತಿಯನ್ನು ಆಚರಣೆಗೆ ತಂದಿತು. 2002ರಲ್ಲಿ ಗೂಗಲ್ ಅದನ್ನು ತಿದ್ದಿ, ಕೂಗಿದ ಬೆಲೆಯೊಡನೆ ಜಾಹೀರಾತನ್ನು ಜನರು ಎಷ್ಟರಮಟ್ಟಿಗೆ ಒತ್ತುತ್ತಾರೆಂಬುದನ್ನೂ ಗಣನೆಗೆ ತೆಗೆದುಕೊಂಡಿತು. ಹುಡುಕುವವನು ಜಾಹೀರಾತನ್ನು ಒತ್ತಿದಾಗ ವರ್ತಕನು ಹಣ ಕೊಡಬೇಕು.

ಆದುದರಿಂದ, ಯಾವ ಪದದ ಮೂಲಕ ಹೆಚ್ಚು ಗಿರಾಕಿಗಳು ಬಂದರೋ ಅದೇ ಉತ್ತಮ ಪದವೆಂದು ವರ್ತಕರು ಎಣಿಸುತ್ತಾರೆ. ಲೆಕ್ಕದ ಪುಸ್ತಕವೂ ಹಾಗೆಯೇ ತೋರಿಸುತ್ತದೆ. ಈ ಎಣಿಕೆ ತಪ್ಪೆಂಬುದೇ ನನ್ನ ವಾದ. ಜಾಹೀರಾತಿನ ಮೂಲಕ ಬಂದವರೆಲ್ಲರೂ ಜಾಹೀರಾತಿನ ಕಾರಣದಿಂದ ಬಂದವರಲ್ಲ.

ಇದಕ್ಕೆ ಒಂದು ಪ್ರಯೋಗದ ಆಧಾರವಿದೆ. ಅಮೆರಿಕದ ಈಬೇ ಸಂಸ್ಥೆ ಬೇರೆ ಪದಗಳೊಡನೆ ತನ್ನ ಹೆಸರನ್ನೇ ಕೀವರ್ಡ್ ಆಗಿ ಕೊಳ್ಳುತ್ತಿತ್ತು. 2012ರ ಮಾರ್ಚಿಯಲ್ಲಿ ಅದು ಯಾಹೂ ಮತ್ತು ಮೈಕ್ರೋಸಾಫ್ಟ್‌ಗಳ ಶೋಧಯಂತ್ರಗಳಲ್ಲಿ ಈ ಖರೀದಿಯನ್ನು ನಿಲ್ಲಿಸಿ ನೋಡಿತು. ಜಾಹೀರಾತಿನ ಮೂಲಕ ಬರುತ್ತಿದ್ದ ಭೇಟಿಗಳಲ್ಲಿ ಶೇಕಡ 99.5ರಷ್ಟು, ಅದೇ ಪುಟದಲ್ಲಿದ್ದ ಖರ್ಚಿಲ್ಲದ ಫಲಿತಾಂಶದ ಮೂಲಕವೇ ಬಂದುವು! ಬಳಿಕ ಅದೇ ವರ್ಷ, ಇತರ ಪದಗಳ ಜಾಹೀರಾತನ್ನು ದೇಶದ ಸುಮಾರು ಶೇಕಡ 30 ಪ್ರದೇಶಗಳಲ್ಲಿ 60 ದಿನಗಳವರೆಗೆ ನಿಲ್ಲಿಸಿ, ಉಳಿದ ಪ್ರದೇಶಗಳೊಡನೆ ಹೋಲಿಸಿದರು. ಮಾರಾಟದಲ್ಲಿ ಗಣನೀಯವಾದ ವ್ಯತ್ಯಾಸ ಕಾಣಲಿಲ್ಲ. ಹೊಸಬರ ಮತ್ತು ಅಪರೂಪಕ್ಕೆ ಬರುವವರ ಮೇಲೆ ಮಾತ್ರ ಜಾಹೀರಾತು ಪರಿಣಾಮ ಬೀರಿತ್ತು. ಹಣದ ಬಹುಭಾಗವಾದರೋ ಹೇಗಿದ್ದರೂ ಬರುತ್ತಿದ್ದ ಹಳೆಯ ಗಿರಾಕಿಗಳಿಗಾಗಿ ವ್ಯಯವಾಗಿತ್ತು. ಬ್ಲೇಕ್, ನಾಸ್ಕೋ ಮತ್ತು ತದೆಲಿಸ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನು 2015ರಲ್ಲಿ ಪ್ರಕಟಿಸಿದರು.

ಈಬೇ ಹೆಸರಾಂತ ಸಂಸ್ಥೆ, ಯಾರೂ ಅರಿಯದ ಸಣ್ಣ ಅಂಗಡಿಗೆ ಈ ಫಲಿತಾಂಶ ಅನ್ವಯಿಸದು ಎಂದು ಕೆಲವರು ಆಕ್ಷೇಪಿಸಬಹುದು. ನಮ್ಮ ಹೆಸರನ್ನು ನಾವು ಕೊಳ್ಳದಿದ್ದರೆ ಪ್ರತಿಸ್ಪರ್ಧಿ ಕೊಂಡಾನು ಎಂದೂ ಹೇಳಬಹುದು. ಎರಡೂ ನ್ಯಾಯವಾದ ಮಾತುಗಳೇ. ಆದರೆ ಅವುಗಳಿಂದ ಪರೀಕ್ಷೆಯ ಅಗತ್ಯ ಹೆಚ್ಚುವುದೇ ಹೊರತು ಕಡಮೆಯಾಗದು. ಸಣ್ಣ ವರ್ತಕನಿಗೆ ವ್ಯರ್ಥವಾದ ಒಂದೊಂದು ರೂಪಾಯಿಯೂ ಹೊರೆಯಲ್ಲವೆ? ತನ್ನ ಹೆಸರನ್ನು ಬಲ್ಲವರು ಹುಡುಕುವ ಪದಕ್ಕಿಂತ, ತನ್ನನ್ನು ಅರಿಯದವರು ತಮ್ಮ ಅಗತ್ಯವನ್ನು ಹೇಳಿಕೊಳ್ಳುವ ಪದವನ್ನು ಅವನು ಮೊದಲು ಅರಸಲಿ. ಒಂದು ಊರಿನಲ್ಲಿ ಜಾಹೀರಾತನ್ನು ನಡೆಸಿ, ಅಂತಹುದೇ ಇನ್ನೊಂದರಲ್ಲಿ ನಿಲ್ಲಿಸಿ, ಎರಡರ ಮಾರಾಟವನ್ನು ಹೋಲಿಸಲಿ.

ವಿಜ್ಞಾನವನ್ನು ಓದುವ ವಿದ್ಯಾರ್ಥಿಗಳಿಗೆ ಇದು ಅಪರಿಚಿತವಾದ ಮಾರ್ಗವಲ್ಲ. ಒಂದರ ಹಿಂದೆ ಇನ್ನೊಂದು ಬಂದಮಾತ್ರಕ್ಕೆ ಮೊದಲನೆಯದು ಕಾರಣವಾಗದೆಂಬುದನ್ನು ಅವರು ಪ್ರಯೋಗಶಾಲೆಯಲ್ಲಿ ಕಲಿಯುತ್ತಾರೆ. ನಾಳೆ ಅವರಲ್ಲಿ ಅನೇಕರು ಇಂತಹ ಲೆಕ್ಕಗಳ ಮುಂದೆ ಕುಳಿತುಕೊಳ್ಳತಕ್ಕವರು. ಆ ಪಾಠವನ್ನು ಅಲ್ಲಿಗೂ ಕೊಂಡೊಯ್ಯಬೇಕು. ಮುದುಕಿಯ ನಂಬಿಕೆ ತಪ್ಪಾಗಿತ್ತು, ನಿಜ. ಆದರೆ ಕೋಳಿಯನ್ನು ಊರಿನಿಂದ ದೂರ ಒಯ್ದು, ತನಗರಿವಿಲ್ಲದೆಯೇ ಅವಳು ಒಂದು ಪ್ರಯೋಗವನ್ನಾದರೂ ಮಾಡಿದಳು. ಅಷ್ಟನ್ನೂ ಮಾಡದೆ ಹಣ ತೆರುವವರು ಅವಳನ್ನು ಕಂಡು ನಗುವಂತಿಲ್ಲ.