ಶಬ್ದವಿಚಾರ: ‘ಇನ್‌ಫ್ಲೇಮಬಲ್’

ಪೆಟ್ರೋಲನ್ನು ಸಾಗಿಸುವ ಟ್ಯಾಂಕರುಗಳ ಹಿಂಬದಿಯಲ್ಲಿಯೂ, ಟರ್ಪೆಂಟೈನ್, ಥಿನ್ನರ್ ಮುಂತಾದವುಗಳ ಡಬ್ಬಿಗಳ ಮೇಲೆಯೂ ‘ಇನ್‌ಫ್ಲೇಮಬಲ್’ ಎಂಬ ಇಂಗ್ಲಿಷ್ ಪದವು ಕಾಣಬರುತ್ತದೆ. ‘ಇನ್‌ಕರೆಕ್ಟ್’ ಎಂದರೆ ಸರಿಯಲ್ಲದ್ದು; ‘ಇನ್‌ವಿಸಿಬಲ್’ ಎಂದರೆ ಕಣ್ಣಿಗೆ ಕಾಣದ್ದು. ಅಂತೆಯೇ ಇದೂ ಬೆಂಕಿ ಹತ್ತದ ವಸ್ತುವಾಗಿರಬೇಕೆಂದು ಶಾಲಾಬಾಲಕನೊಬ್ಬನು ಊಹಿಸಿದರೆ ಆಶ್ಚರ್ಯವೇನೂ ಇಲ್ಲ. ಆದರೆ ಇದರ ಅರ್ಥವು ಅದಕ್ಕೆ ತೀರ ವಿರುದ್ಧವಾದುದು: ಸುಲಭವಾಗಿ ಬೆಂಕಿ ಹತ್ತತಕ್ಕದ್ದು.

ಈ ತೊಡಕಿಗೆ ಕಾರಣವುಂಟು. ಲ್ಯಾಟಿನ್ ಭಾಷೆಯಲ್ಲಿ ‘ಇನ್’ ಎಂಬುದು ಎರಡು ಬಗೆ. ಒಂದು ನಿಷೇಧವನ್ನು ಹೇಳುವುದು. ‘ಅನುಚಿತ’, ‘ಅನಂತ’ ಮೊದಲಾದ ನಮ್ಮ ಪದಗಳಲ್ಲಿರುವ ‘ಅನ್’ ಎಂಬುದಕ್ಕೆ ಅದು ದಾಯಾದಿಯೇ ಸರಿ. ಮತ್ತೊಂದು ‘ಒಳಗೆ’ ಎಂಬ ಅರ್ಥವುಳ್ಳ ಉಪಸರ್ಗವು. ಉರಿಹಚ್ಚುವುದೆಂಬ ಅರ್ಥದ ಲ್ಯಾಟಿನ್ ಕ್ರಿಯಾಪದದಿಂದ ಹುಟ್ಟಿದ ಈ ಶಬ್ದದಲ್ಲಿರುವುದು ಎರಡನೆಯದು. ಸಂಸ್ಕೃತದ ‘ವಿ’ ಎಂಬುದನ್ನು ನೋಡಿರಿ. ‘ವಿಫಲ’ದಲ್ಲಿ ಅದು ಇಲ್ಲವೆನ್ನುತ್ತದೆ; ‘ವಿಖ್ಯಾತ’ದಲ್ಲಿ ಹೆಚ್ಚೆನ್ನುತ್ತದೆ. ಆದರೂ ವಿಖ್ಯಾತನಾದವನನ್ನು ಖ್ಯಾತಿಯಿಲ್ಲದವನೆಂದು ನಾವಾರೂ ತಿಳಿಯುವುದಿಲ್ಲ. ಏಕೆಂದರೆ ಆ ಪದದ ಬಳಕೆ ನಮಗುಂಟು. ಇಂಗ್ಲಿಷಿನಲ್ಲಿ ಆ ಬಳಕೆಯಿಲ್ಲದವನು ಬರಿಯ ಊಹೆಯನ್ನೇ ನಂಬುವನು.

ಬೇರೆ ಪದಗಳಲ್ಲಿ ಇಂತಹ ತಪ್ಪಿಗೆ ಒಂದೆರಡು ಅಂಕಗಳು ಹೋದಾವು. ಇಲ್ಲಿ ಪ್ರಾಣವೇ ಹೋದೀತು. ಇದನ್ನು ಮನಗಂಡೇ ಅಮೆರಿಕಾ ದೇಶದ ರಾಷ್ಟ್ರೀಯ ಅಗ್ನಿರಕ್ಷಣಾ ಸಂಘದವರು 1920ರ ದಶಕದಲ್ಲಿ ‘ಫ್ಲೇಮಬಲ್’ ಎಂಬ ರೂಪವನ್ನೇ ಬಳಸಬೇಕೆಂದು ಒತ್ತಾಯಿಸಿದರು. ಈ ಎರಡು ರೂಪಗಳಿಗೂ ಅರ್ಥವು ಒಂದೇ. ಬೆಂಕಿ ಹತ್ತದ ವಸ್ತುವನ್ನು ‘ನಾನ್‌ಫ್ಲೇಮಬಲ್’ ಎನ್ನತಕ್ಕದ್ದು.

ಇದೇ ಕುಲದ ಇನ್ನೆರಡು ಪದಗಳನ್ನೂ ವಿದ್ಯಾರ್ಥಿಗಳು ಅರಿತಿರುವುದು ಒಳ್ಳೆಯದು. ‘ಇನ್‌ಫ್ಲಮೇಷನ್’ ಎಂಬುದು ವೈದ್ಯರ ಮಾತು. ಅದಕ್ಕೆ ಸಲ್ಲುವ ಕನ್ನಡದ ‘ಉರಿಯೂತ’ದಲ್ಲಿಯೂ ಉರಿಯಿದೆಯಷ್ಟೆ. ಜನರನ್ನು ಕೆರಳಿಸುವ ಭಾಷಣವು ‘ಇನ್‌ಫ್ಲಮೇಟರಿ’ ಎನಿಸುವುದು. ಪೆಟ್ರೋಲಿಗೆ ಈ ವಿಶೇಷಣವು ಸಲ್ಲದು.

ಇನ್ನು ಗೃಹಕೃತ್ಯದ ಮಾತು. ಮದ್ಯಸಾರವುಳ್ಳ ಸ್ಯಾನಿಟೈಸರ್, ಉಗುರಿನ ಬಣ್ಣವನ್ನು ತೆಗೆಯುವ ಅಸಿಟೋನ್ ಇವೂ ಇದೇ ಗುಂಪಿಗೆ ಸೇರಿದವು. ಒಲೆಯ ಹತ್ತಿರ ಇವನ್ನಿಡಬಾರದು. ಮನೆಯಲ್ಲಿ ಇಂಗ್ಲಿಷ್ ಬಲ್ಲವರು ಇಂದೇ ಅಂತಹ ಸೀಸೆ ಡಬ್ಬಿಗಳನ್ನು ಹುಡುಕಿ, ‘ಬೆಂಕಿ ಹತ್ತುತ್ತದೆ, ಜೋಕೆ’ ಎಂದು ದಪ್ಪಕ್ಷರದ ಕನ್ನಡದಲ್ಲಿ ಬರೆದು ಅಂಟಿಸಲಿ. ಓದು ಬಾರದವರಿಗೆ ಬಾಯಿಮಾತಿನಲ್ಲಿ ತಿಳಿಸಲಿ. ಕಲಿತ ಪದವು ಮನೆಮಂದಿಗೆಲ್ಲ ಉಪಯೋಗಕ್ಕೆ ಬರುವುದು ಹೀಗೆಯೇ.